ಸಮುದಾಯ ಶಿಕ್ಷಣದ ಹಣವನ್ನು ತಲಾ ವಿದ್ಯಾರ್ಥಿ ವೆಚ್ಚಕ್ಕೆ ಸೇರಿಸಬಹುದೇ?

ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿರುವ ನಿಮ್ಮ ಶಾಲಾ ಜಿಲ್ಲೆಯ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯ) ಒಟ್ಟು ಬಜೆಟ್ಟನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿದರೆ ನೆರೆಯ ಜಿಲ್ಲೆಗಿಂತ ಹೆಚ್ಚಿನ ಮೊತ್ತ ಬರುತ್ತದೆ, ಆದರೂ ತರಗತಿಗಳಿಗೆ ಹಣ ಸಾಲದೆನ್ನುತ್ತಾರೆ, ಹಾಗಾದರೆ ಸಮುದಾಯ ಶಿಕ್ಷಣದ ಹಣವನ್ನೇ ಅತ್ತ ತಿರುಗಿಸಬಾರದೇ ಎಂದು ಕೇಳಿದ್ದೀರಿ. ಹಾಗೆ ತಿರುಗಿಸಲು ಬರುವುದಿಲ್ಲ. ನಿಮ್ಮ ಭಾಗಾಕಾರದಲ್ಲೂ ಒಂದು ತೊಡಕಿದೆ.

ಶಿಕ್ಷಕರ ಸಂಬಳವೂ ದಿನನಿತ್ಯದ ಪಾಠದ ಖರ್ಚೂ ಸಾಮಾನ್ಯ ನಿಧಿಯಿಂದ ಹೋಗುತ್ತವೆ, ಅದರ ದೊಡ್ಡ ಪಾಲು ರಾಜ್ಯದ ನೆರವು. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ಮತ್ತು ಅವರ ಹೆತ್ತವರಿಗಾಗಿ ನಡೆಯುವ ತರಗತಿಗಳು, ವಯಸ್ಕರ ಶಿಕ್ಷಣ, ಶಾಲೆ ಬಿಟ್ಟ ನಂತರದ ಮಕ್ಕಳ ಆರೈಕೆ ಇವೆಲ್ಲ ಸಮುದಾಯ ಶಿಕ್ಷಣದ ಕೆಲಸಗಳು, ಇವುಗಳ ಖರ್ಚು ಸಮುದಾಯ ಸೇವಾ ನಿಧಿಗೆ ಸೇರಿದ್ದು. ಸ್ಥಳೀಯ ಆಸ್ತಿ ತೆರಿಗೆ, ರಾಜ್ಯದ ನೆರವು ಮತ್ತು ಭಾಗವಹಿಸುವವರು ಕಟ್ಟುವ ಶುಲ್ಕದಿಂದ ತುಂಬುವ ಈ ನಿಧಿಯನ್ನು ಕಾನೂನು ಆ ಉದ್ದೇಶಗಳಿಗೇ ಕಟ್ಟಿಹಾಕಿದೆ. ಸಮುದಾಯ ಶಿಕ್ಷಣದ ಮೂಲ ಆದಾಯವನ್ನು ಲೆಕ್ಕ ಹಾಕುವುದು ವಿದ್ಯಾರ್ಥಿಗಳ ಸಂಖ್ಯೆಯಿಂದಲ್ಲ, ಜಿಲ್ಲೆಯ ಒಟ್ಟು ಜನಸಂಖ್ಯೆಯಿಂದ. ಹೀಗಾಗಿ ಹಿರಿಯರೇ ಹೆಚ್ಚಿದ್ದು ಮಕ್ಕಳು ಕಡಿಮೆಯಿರುವ ಊರಿನಲ್ಲಿ ಅದನ್ನು ವಿದ್ಯಾರ್ಥಿಗಳಿಗೆ ಹಂಚಿ ನೋಡಿದರೆ, ಶಾಲೆಯ ತರಗತಿಗೆ ತಲುಪದ ಹಣ ತಲಾ ವೆಚ್ಚದಲ್ಲಿ ಕಾಣಿಸಿಕೊಳ್ಳುತ್ತದೆ.

ಅಮೆರಿಕದ ಜನಗಣತಿ ಇಲಾಖೆಯು ಹೋಲಿಕೆಗೆ ಬಳಸುವ ಚಾಲ್ತಿ ವೆಚ್ಚದಲ್ಲಿ (ಶಾಲೆಗಳನ್ನು ದಿನನಿತ್ಯ ನಡೆಸುವ ಖರ್ಚಿನಲ್ಲಿ) ಸಮುದಾಯ ಸೇವೆ, ವಯಸ್ಕರ ಶಿಕ್ಷಣ, ಕಟ್ಟಡ ನಿರ್ಮಾಣ, ಸಾಲದ ಬಡ್ಡಿ ಯಾವುವೂ ಸೇರುವುದಿಲ್ಲ. ಆ ಲೆಕ್ಕದ ಪ್ರಕಾರ 2022ರ ಹಣಕಾಸು ವರ್ಷದಲ್ಲಿ ತಲಾ ವಿದ್ಯಾರ್ಥಿ ವೆಚ್ಚದ ರಾಷ್ಟ್ರೀಯ ಸರಾಸರಿ 15,633 ಡಾಲರ್, ನ್ಯೂಯಾರ್ಕ್ ರಾಜ್ಯದಲ್ಲಿ 29,873, ಯೂಟಾ ರಾಜ್ಯದಲ್ಲಿ 9,552. ಇದರಿಂದ ನ್ಯೂಯಾರ್ಕಿನ ಶಾಲೆ ಮೂರು ಪಟ್ಟು ಉತ್ತಮವೆಂದು ಹೇಳುವವರನ್ನು ನಾನು ನಂಬುವುದಿಲ್ಲ: ಅಲ್ಲಿ ಸಂಬಳವೂ ಜೀವನ ವೆಚ್ಚವೂ ದುಬಾರಿ, ಯೂಟಾದಲ್ಲಿ ಕುಟುಂಬಗಳು ದೊಡ್ಡವಾದ್ದರಿಂದ ಒಂದೊಂದು ಮಗುವಿನ ಪಾಲಿಗೆ ತೆರಿಗೆ ಕಟ್ಟುವವರೇ ಕಡಿಮೆ.

ಆದ್ದರಿಂದ ಬಜೆಟ್ಟನ್ನು ಬದಿಗಿಟ್ಟು, ಎರಡೂ ಜಿಲ್ಲೆಗಳ ಒಂದೇ ವರ್ಷದ ಲೆಕ್ಕಪರಿಶೋಧನಾ ವರದಿಗಳಿಂದ ಸಾಮಾನ್ಯ ನಿಧಿಯ ಖರ್ಚನ್ನು ಮಾತ್ರ ತೆಗೆದುಕೊಂಡು ಭಾಗಿಸಿ. (ಹೊಸ ಕಟ್ಟಡ ಏಳುತ್ತಿರುವ ವರ್ಷದ ಒಟ್ಟು ಮೊತ್ತವಂತೂ ಹೋಲಿಕೆಗೆ ಬರುವುದೇ ಇಲ್ಲ.) ಅಂತರ ಆಗಲೂ ಉಳಿದರೆ, ಮತದಾರರು ಒಪ್ಪಿಗೆ ಕೊಟ್ಟ ಹೆಚ್ಚುವರಿ ತೆರಿಗೆಯನ್ನೂ, ರಾಜ್ಯ ಮತ್ತು ಒಕ್ಕೂಟ ಸರ್ಕಾರಗಳು ಪೂರ್ತಿಯಾಗಿ ಭರಿಸದ ವಿಶೇಷ ಶಿಕ್ಷಣದ ವೆಚ್ಚವನ್ನೂ ನೋಡಿ, ತರಗತಿಗೆ ಸಾಲದೆ ಬೀಳುವ ಹಣದಲ್ಲಿ ಒಂದಷ್ಟು ಈ ಎರಡನೆಯ ಬಾಬತ್ತಿಗೇ ಹೋಗಿರುತ್ತದೆ.