ರಾ ಅಟಾಲಿಗೆ ಹೊರಟವಳಿಗೆ

ನಿನ್ನ ಮೆಸೇಜು ಬಂದು ನಾಲ್ಕು ದಿನವಾಯಿತು. ಪೇಪರ್ ತಿದ್ದುವ ಗಡಿಬಿಡಿಯಲ್ಲಿ ಉತ್ತರ ಬರೆಯಲಾಗಲಿಲ್ಲ, ಬೇಜಾರು ಮಾಡ್ಕೋಬೇಡ. “ಆಂಟಿ, ಮಾಲ್ಡೀವ್ಸ್‌ನಲ್ಲಿ ಮ್ಯಾಥ್ಸ್ ಟೀಚರ್ ಕೆಲಸ ಸಿಕ್ಕಿದೆ, ರಾ ಅಟಾಲ್ ಅನ್ನೋ ದ್ವೀಪಗಳ ಗುಂಪಂತೆ. ಊಟಕ್ಕೇನು ಮಾಡೋದು, ದೇವರನ್ನ ತರಬಹುದಾ, ತಿಂಗಳಿಗೆ ಎಷ್ಟು ಉಳಿಯುತ್ತೆ? ಪಾಠ ಇಂಗ್ಲಿಷ್‌ನಲ್ಲೇ ಅಂದಮೇಲೆ ಅವರ ಭಾಷೆ ಕಲಿಯೋ ತಲೆನೋವು ಇರಲ್ಲ ಅಲ್ವಾ?” ಅಂತ ಕೇಳಿದ್ದೀಯ. ಕೊನೆಯ ಪ್ರಶ್ನೆ ಓದಿ ಫೋನು ಕೆಳಗಿಟ್ಟೆ. 2006ರ ಜನವರಿಯಲ್ಲಿ ನಾನೂ ಅದೇ ಮಾತು ಹೇಳಿಕೊಂಡು ವಿಮಾನ ಹತ್ತಿದವಳು.

ನಾನು ಯಾಕೆ ಬಂದೆ ಅಂತ ನಿನ್ನಮ್ಮನಿಗೆ ಗೊತ್ತು, ಬಿ.ಎಡ್.ನಲ್ಲಿ ನಾವಿಬ್ಬರೂ ಒಂದೇ ಬೆಂಚು. ತಿಪಟೂರು ಸೀಮೆಯ ತೋಟಗಳಿಗೆ ನುಸಿ ರೋಗ ಹತ್ತಿದ ಕಾಲ ಅದು. ಕಾಯಿ ಲಿಂಬೆಹಣ್ಣಿನಷ್ಟಿರುವಾಗಲೇ ಕಂದುಗಟ್ಟಿ ಉದುರುತ್ತಿತ್ತು. ತಮ್ಮನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಫೀಸಿಗೆ ದುಡ್ಡಿರಲಿಲ್ಲ. ತೆಂಗು ಕೈಬಿಟ್ಟಿತು ಅಂತ ಹೊರಟವಳು ಬಂದು ಇಳಿದದ್ದು ತೆಂಗು ಬಿಟ್ಟು ಬೇರೆ ಮರವೇ ಕಾಣದ ದೇಶಕ್ಕೆ.

ಇಲ್ಲಿ ವಿಮಾನ ನಿಲ್ದಾಣವೇ ಒಂದು ದ್ವೀಪ. ಆಗ ಹೊರಗೆ ಕಾಲಿಟ್ಟರೆ ಆಟೋ ಇಲ್ಲ, ಬಸ್ಸಿಲ್ಲ, ಎದುರಿಗೆ ನೀರು. ದೋಣಿಯಲ್ಲೇ ರಾಜಧಾನಿ ಮಾಲೆಗೆ ಹೋಗಬೇಕಿತ್ತು. ಸೇತುವೆ ಆದದ್ದು 2018ರಲ್ಲಿ. ಮಾಲೆಯಿಂದ ನನ್ನ ದ್ವೀಪಕ್ಕೆ ಸಾಮಾನಿನ ದೋಣಿಯಲ್ಲಿ ಇಡೀ ರಾತ್ರಿ ಪ್ರಯಾಣ. ಈರುಳ್ಳಿ ಮೂಟೆ, ಸಿಮೆಂಟು, ಗ್ಯಾಸ್ ಸಿಲಿಂಡರುಗಳ ನಡುವೆ ನನ್ನ ಟ್ರಂಕು, ಟ್ರಂಕಿನ ಮೇಲೆ ನಾನು. ಅಲ್ಲಿಯವರೆಗೆ ನನಗೆ ಸಮುದ್ರ ಅಂದರೆ ಹೈಸ್ಕೂಲ್ ಟೂರಿನಲ್ಲಿ ಮಲ್ಪೆಯಲ್ಲಿ ಮೊಣಕಾಲುದ್ದ ಇಳಿದದ್ದು ಅಷ್ಟೆ. ಸುನಾಮಿ ಬಡಿದು ಒಂದೇ ವರ್ಷವಾಗಿತ್ತು. ರಾತ್ರಿಯಿಡೀ ವಾಂತಿ ಮಾಡಿಕೊಂಡು ವಿಷ್ಣು ಸಹಸ್ರನಾಮದಲ್ಲಿ ನೆನಪಿದ್ದ ಹತ್ತು ಸಾಲನ್ನೇ ತಿರುಗಿಸಿ ತಿರುಗಿಸಿ ಹೇಳಿದೆ. ನಿನಗೆ ಆ ಕಷ್ಟವಿಲ್ಲ. ಈಗ ವೇಗದ ದೋಣಿಗಳಿವೆ. ಆದರೂ ವಾಂತಿ ಮಾತ್ರೆ ಚೀಲದಲ್ಲಿರಲಿ.

ಊಟದ ಮಾತು. ನಿಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ ಅಂತ ಗೊತ್ತು. ಇಲ್ಲಿ ಬೆಳಗಿನ ತಿಂಡಿಯೇ ಮಸ್ ಹುನಿ: ಟ್ಯೂನಾ ಮೀನು, ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ ಕಿವುಚಿ ರೊಟ್ಟಿ ಜೊತೆ ತಿನ್ನುತ್ತಾರೆ. ರೊಟ್ಟಿಗೆ ‘ರೋಶಿ’ ಅನ್ನುತ್ತಾರೆ, ನಮ್ಮ ಚಪಾತಿಯೇ. ಮಸ್ ಅಂದರೆ ಮೀನು, ಹುನಿ ಅಂದರೆ ತುರಿ. ‘ಮಸ್ ಬೇಡ’ ಅನ್ನುವುದನ್ನು ಮೊದಲ ದಿನವೇ ಕಲಿ. ಬೇಳೆ, ಅಕ್ಕಿ, ಆಲೂಗಡ್ಡೆ, ಎಲ್ಲ ಹೊರಗಿನಿಂದ ಬರುತ್ತದೆ, ಹೆಚ್ಚಿನದು ನಮ್ಮ ಕಡೆಯಿಂದಲೇ. ದೋಣಿ ತಡವಾದರೆ ಅಂಗಡಿ ಖಾಲಿ. ನುಗ್ಗೆ ಸೊಪ್ಪು ಸಿಗುತ್ತದೆ, ದೀವಿ ಹಲಸು ಸಿಗುತ್ತದೆ. ತೆಂಗಿನಕಾಯಿ ತುರಿಯಲು ಮನೆಮನೆಯಲ್ಲೂ ನಮ್ಮ ತುರಿಮಣೆಯಂಥದ್ದೇ ಒಂದು ಮಣೆ ಇದೆ, ಹುನಿಗೊಂಡಿ. ನಾನು ಅದರ ಮೇಲೆ ಕೂತು ಒಂದು ಹೋಳನ್ನು ಚಿಪ್ಪಿನವರೆಗೆ ಸರಸರ ತುರಿದದ್ದು ನೋಡಿ ಪಕ್ಕದ ಮನೆಯ ಹೆಂಗಸರು ನಕ್ಕರು. ಅವತ್ತೇ ಅವರು ನನ್ನನ್ನು ಒಳಗೆ ಕರೆದದ್ದು. ಸಾರಿನ ಪುಡಿ ಜಾಸ್ತಿ ತಾ.

ದೇವರ ವಿಷಯ. ಪೂಜೆಯ ವಿಗ್ರಹ ತರುವಂತಿಲ್ಲ, ಕಸ್ಟಮ್ಸ್‌ನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಅಜ್ಜಿಯ ಬೆಳ್ಳಿ ಗಣಪ ಊರಲ್ಲೇ ಇರಲಿ. ರೂಮಿನೊಳಗೆ ನಿನ್ನ ಪಾಡಿಗೆ ಕೈಮುಗಿದರೆ ಯಾರೂ ಬಂದು ನೋಡುವುದಿಲ್ಲ, ಹೊರಗೆ ತೋರಿಸಿಕೊಳ್ಳಬಾರದು. ಇಷ್ಟಕ್ಕೆ ಮನಸ್ಸು ಒಪ್ಪದಿದ್ದರೆ ಬರಬೇಡ, ನೇರವಾಗಿ ಹೇಳುತ್ತಿದ್ದೇನೆ. ನಾನು ಗೌರಿ ಹಬ್ಬಕ್ಕೆ ಸಿಹಿ ಕಡುಬು ಮಾಡಿ ಪಕ್ಕದ ಮನೆಗಳಿಗೆ ಕೊಡುತ್ತೇನೆ, ಹಬ್ಬ ಅಂತ ಹೇಳುವುದಿಲ್ಲ. ಒಳಗಿನ ಹೂರಣ ನಾಲಿಗೆಗೆ ತಾಗಿದ ಕೂಡಲೇ “ಹುನಿ ಹಕುರು!” ಅನ್ನುತ್ತಾರೆ. ತೆಂಗಿನ ತುರಿಗೆ ಸಕ್ಕರೆ ಕಲಸಿ ದೋಸೆಯಂಥದ್ದರಲ್ಲಿ ಸುತ್ತುವ ತಿಂಡಿ ಅವರಲ್ಲೂ ಇದೆ.

ದುಡ್ಡು ಉಳಿಯುತ್ತದೆ. ತಮ್ಮ ಓದಿದ, ಊರಲ್ಲಿ ತಾರಸಿ ಮನೆ ಎದ್ದಿತು. ಎಷ್ಟು ಅಂತ ನಾನು ಹೇಳುವುದು ಚೆನ್ನಾಗಿರಲ್ಲ. ಸಂಬಳ ರುಫಿಯಾದಲ್ಲಿ ಬರುತ್ತದೆ. ಅದನ್ನು ಡಾಲರ್ ಮಾಡಿ ಊರಿಗೆ ಕಳಿಸಲು ತಿಂಗಳಿಗೆ ಇಷ್ಟೇ ಅಂತ ಮಿತಿ ಇರುತ್ತದೆ, ಅದೂ ಆಗಾಗ ಬದಲಾಗುತ್ತದೆ. ಸಾಲದ ಕಂತನ್ನು ಈ ಸಂಬಳ ನೆಚ್ಚಿಕೊಂಡು ಕಟ್ಟಿಸಬೇಡ ಅಂತ ನಿಮ್ಮಪ್ಪನಿಗೆ ಹೇಳು. ಇನ್ನೊಂದು ಮಾತು: ‘ಸೆಟ್ಲ್’ ಆಗುವುದು ಅನ್ನುತ್ತಾರಲ್ಲ, ಅದು ಇಲ್ಲಿಲ್ಲ. ಮುಸ್ಲಿಮರಲ್ಲದವರಿಗೆ ಪೌರತ್ವ ಇಲ್ಲ ಅಂತ 2008ರ ಸಂವಿಧಾನದಲ್ಲೇ ಇದೆ. ಇಪ್ಪತ್ತು ವರ್ಷವಾದರೂ ನಾನು ವೀಸಾ ನವೀಕರಿಸಿಕೊಳ್ಳುವವಳೇ.

ರಜೆ ಶುಕ್ರವಾರ, ಶನಿವಾರ. ಭಾನುವಾರ ಶಾಲೆ. ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಚೂಡಿದಾರ್ ಸಾಕು, ಮರಳು ದಾರಿಯಲ್ಲಿ ಸೀರೆಯ ಅಂಚು ಉಳಿಯಲ್ಲ.

ಇನ್ನು ಭಾಷೆ. ಇಲ್ಲಿನವರದ್ದು ದಿವೇಹಿ. ದಿವೇಹಿ, ಇಸ್ಲಾಂ, ಕುರಾನ್ ಪಾಠ ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷ್‌ನಲ್ಲೇ ನಡೆಯುತ್ತದೆ, ಅದು ನಿಜ. ಅದನ್ನೇ ನಂಬಿಕೊಂಡು ನಾನು ಮೊದಲ ವರ್ಷ ದಿವೇಹಿಯ ಒಂದು ಅಕ್ಷರವನ್ನೂ ಕಲಿಯಲಿಲ್ಲ. ಬಲದಿಂದ ಎಡಕ್ಕೆ ಬರೆಯುವ ತಾನ ಲಿಪಿ ನನ್ನ ಕಣ್ಣಿಗೆ ಅಲ್ಪವಿರಾಮಗಳನ್ನು ಸುರಿದ ಹಾಗೆ ಕಾಣುತ್ತಿತ್ತು. ಸ್ಟಾಫ್ ರೂಮಿನಲ್ಲಿ ಕೇರಳದವರು, ತಮಿಳುನಾಡಿನವರು, ನಾವೆಲ್ಲ ಸೇರಿ ಇಂಗ್ಲಿಷ್‌ನಲ್ಲಿ ಹರಟುತ್ತಿದ್ದೆವು. ಬೇರೇನೂ ಬೇಕಿರಲಿಲ್ಲ.

ಆ ವರ್ಷದ ಜೂನ್‌ನಲ್ಲಿ ಕಡಲು ಕೆರಳಿ ಸಾಮಾನಿನ ದೋಣಿ ಹತ್ತಿಪ್ಪತ್ತು ದಿನ ಬರಲಿಲ್ಲ. ನನಗೆ ಕಂಡದ್ದು ಟೊಮೆಟೊ ಇಲ್ಲದ್ದು, ಹಾಲಿನ ಪುಡಿ ಇಲ್ಲದ್ದು. ನೋಟ್‌ಬುಕ್ಕೂ ಅದೇ ದೋಣಿಯಲ್ಲಿ ಬರಬೇಕು ಅನ್ನುವುದು ತಲೆಗೆ ಹೋಗಲಿಲ್ಲ. ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಾತು ಕಡಿಮೆ, ಭಿನ್ನರಾಶಿಯಲ್ಲಿ ಚುರುಕು. ಅವನ ಲೆಕ್ಕದ ಪುಸ್ತಕ ತಿದ್ದಲು ತೆಗೆದೆ. ಮುಂದಿನ ಪುಟಗಳಲ್ಲಿ ಲೆಕ್ಕ ಅಚ್ಚುಕಟ್ಟಾಗಿತ್ತು. ಹಿಂದಿನಿಂದ ಏಳೆಂಟು ಹಾಳೆಗಳ ತುಂಬ ಆ ಅಲ್ಪವಿರಾಮಗಳು. ಲೆಕ್ಕದ ಪುಸ್ತಕದಲ್ಲಿ ಗೀಚುತ್ತಾ ಕೂತಿದ್ದಾನೆ ಅಂತ ಸಿಟ್ಟು ಬಂತು. ನಮ್ಮೂರಲ್ಲಿ ನಮ್ಮ ಮೇಷ್ಟ್ರು ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ಇಡೀ ತರಗತಿಯ ಮುಂದೆ ಆ ಹಾಳೆಗಳನ್ನು ಪರ್ರನೆ ಹರಿದು ಬುಟ್ಟಿಗೆ ಹಾಕಿದೆ. ಅವನು ಏನೋ ಹೇಳಲು ಬಾಯಿ ತೆರೆದ. ದಿವೇಹಿಯಲ್ಲಿ ಎರಡು ಮಾತು ಬಂತು, ಇಂಗ್ಲಿಷ್ ಬರಲಿಲ್ಲ. “ಸಿಟ್ ಡೌನ್” ಅಂದೆ. ಕೂತ.

ಮಾರನೆಯ ದಿನ ದಿವೇಹಿ ಟೀಚರು ಬಂದು, ಹುಡುಗನ ಹೋಂವರ್ಕ್ ನಿಮ್ಮ ಹತ್ತಿರ ಇದೆಯಂತೆ, ಕೊಡ್ತೀರಾ ಅಂತ ಮೆಲ್ಲಗೆ ಕೇಳಿದರು. ಅಂಗಡಿಯಲ್ಲಿ ಪುಸ್ತಕ ಇಲ್ಲದ್ದಕ್ಕೆ ಅವರಮ್ಮ ಒಂದರಲ್ಲೇ ಎರಡೂ ಬರಿ ಅಂದಿದ್ದರಂತೆ. ಇಂಗ್ಲಿಷ್ ಪುಸ್ತಕ ಶುರುವಾಗುವುದು ಈ ಕಡೆಯ ರಟ್ಟಿನಿಂದ, ದಿವೇಹಿ ಪುಸ್ತಕ ಶುರುವಾಗುವುದು ಆ ಕಡೆಯ ರಟ್ಟಿನಿಂದ. ನಡುವೆ ಎಲ್ಲೋ ಎರಡೂ ಸಂಧಿಸುತ್ತಿದ್ದವು. ನನಗೆ ಹಿಂದಿನ ಪುಟ, ಅವನಿಗೆ ಅದು ಮೊದಲ ಪುಟ. ಬುಟ್ಟಿ ಅಷ್ಟರಲ್ಲಿ ಖಾಲಿಯಾಗಿತ್ತು.

ತಿಪಟೂರಿಗೆ ಎಲ್ಲಿಂದಲೋ ಬಂದ ಒಬ್ಬ ಟೀಚರು ಓದಲು ಬರದ ಒಂದೇ ಕಾರಣಕ್ಕೆ ನನ್ನ ಕನ್ನಡ ಕಾಪಿಯನ್ನು ಹರಿದಿದ್ದರೆ ನಮ್ಮಪ್ಪ ಶಾಲೆಯ ಮೆಟ್ಟಿಲು ಹತ್ತದೆ ಬಿಡುತ್ತಿದ್ದರೇ? ಇಲ್ಲಿ ಯಾರೂ ಹತ್ತಲಿಲ್ಲ. ಅವರ ಮನೆ ನನ್ನ ರೂಮಿಗೆ ಎರಡು ಮನೆ ಆಚೆ. ಆ ವರ್ಷ ರಂಜಾನಿನಲ್ಲಿ ಸಂಜೆ ಸಂಜೆ ಅವರಮ್ಮ ತಟ್ಟೆಯಲ್ಲಿ ತಿಂಡಿ ಕಳಿಸಿದರು, ಮೀನಿಲ್ಲದ್ದು, ನನಗೋಸ್ಕರ ಬೇರೆ ಮಾಡಿದ್ದು. ತಂದುಕೊಡುತ್ತಿದ್ದವನು ಅವನೇ. ಖಾಲಿ ತಟ್ಟೆ ವಾಪಸು ಕೊಡುವಾಗ ಸಕ್ಕರೆಯನ್ನೋ ಬಾಳೆಹಣ್ಣನ್ನೋ ಇಟ್ಟು ಕೊಡುತ್ತಿದ್ದೆ. ನಿನಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ತಟ್ಟೆ ಖಾಲಿ ಕೊಡಬಾರದು ಅಂತ ಗೊತ್ತಿದ್ದವಳಿಗೆ ಒಂದು ಮಾತು ಇಟ್ಟು ಕೊಡಲು ಗೊತ್ತಾಗಲಿಲ್ಲ. ಟೀಚರು ಹುಡುಗನ ಹತ್ತಿರ ತಪ್ಪಾಯ್ತು ಅನ್ನುವುದೇ ಅಂತ ಬಿಗುಮಾನ.

ಅಕ್ಷರ ಕಲಿಯಲು ಶುರು ಮಾಡಿದ್ದು ಆಮೇಲೆ. ಕಷ್ಟವಿಲ್ಲ. ಲೆಕ್ಕದ ಟೀಚರಿಗಂತೂ ಸುಲಭ, ಕೇಳು: ತಾನ ಲಿಪಿಯ ಮೊದಲ ಒಂಬತ್ತು ಅಕ್ಷರಗಳು ಅರಬ್ಬಿಯ 1ರಿಂದ 9ರವರೆಗಿನ ಅಂಕಿಗಳಿಂದ ಹುಟ್ಟಿದವು. ಹಾ, ಶವಿಯನಿ, ನೂನು, ರಾ, ಬಾ, ಳವಿಯನಿ ಅಂತ ಹೋಗುತ್ತದೆ. ನಿನ್ನ ಅಟಾಲಿಗೆ ಇಟ್ಟಿರುವ ‘ರಾ’ ಅದರಲ್ಲಿ ನಾಲ್ಕನೆಯ ಅಕ್ಷರ, ನಾಲ್ಕರ ಅಂಕಿ. ‘ಅಟಾಲ್’ ಅನ್ನುವ ಮಾತನ್ನು ಇಂಗ್ಲಿಷಿನವರು ಪಡೆದದ್ದೂ ಇವರ ‘ಅತೊಳು’ವಿನಿಂದಲೇ. ಅವರಲ್ಲಿ ನಮ್ಮ ‘ಳ’ ಇದೆ, ನಿನ್ನ ನಾಲಿಗೆ ತಡವರಿಸುವುದಿಲ್ಲ. ನನ್ನನ್ನು ಕರಗಿಸಿದ್ದು ಮಾತ್ರ ಬೇರೆ. ಒಂದು ದಿನ ದಡದಲ್ಲಿ ಒಬ್ಬ ಮುದುಕ ಮೋಡ ನೋಡುತ್ತಾ “ಆದಾ” ಅಂದ. ಮುಂಚಿನದು ಮಿಯಹೆಲಿ, ಅದಕ್ಕೂ ಮುಂಚೆ ರೋನು, ಕೆತಿ ಅಂತ ಬೆರಳು ಮಡಿಚಿದ. ಆರಿದ್ರಾ, ಮೃಗಶಿರಾ, ರೋಹಿಣಿ, ಕೃತ್ತಿಕಾ! ಅಪ್ಪ ಜಗಲಿಯ ಮೇಲೆ ಕೂತು ಎಣಿಸುತ್ತಿದ್ದ ಮಳೆಗಳೇ. ಅವರು ಇಪ್ಪತ್ತೇಳಕ್ಕೂ ‘ನಕೈ’ ಅನ್ನುತ್ತಾರೆ, ಒಂದೊಂದಕ್ಕೆ ಹದಿಮೂರೋ ಹದಿನಾಲ್ಕೋ ದಿನ, ಮೀನಿಗೆ ಹೋಗುವುದು ಅದನ್ನು ನೋಡಿಯೇ. ತಾರೀಕು ನಮ್ಮದಕ್ಕಿಂತ ನಾಲ್ಕೈದು ದಿನ ಆಚೀಚೆ. ಆ ಸಂಜೆ ಅಪ್ಪನಿಗೆ ಫೋನು ಮಾಡಿ ಹೇಳಿದೆ. “ಹಂಗಾರೆ ಅವ್ರೂ ನಮ್ಮೋರೇ ಬಿಡು” ಅಂದರು. ನಾನು ಮಳೆ ನಕ್ಷತ್ರ ಕಲಿಯುವ ಹೊತ್ತಿಗೆ ಆ ಹುಡುಗನ ಮನೆಯವರು ಮಾಲೆಗೆ ಹೋಗಿಯಾಗಿತ್ತು.

ಮತ್ತೆ ಸಿಕ್ಕಿದ, 2019ರಲ್ಲಿ. ನಾನು ಆಗಲೇ ಮಾಲೆಯ ಪಕ್ಕದ ದ್ವೀಪ ಹುಳುಮಾಲೆಗೆ ಬಂದಿದ್ದೆ. ಸೇತುವೆ ಮೇಲೆ ಹೋಗುವ ಬಸ್ಸಿನಲ್ಲಿ ಯೂನಿಫಾರಂ ತೊಟ್ಟ ಎತ್ತರದ ಹುಡುಗ “ಮಿಸ್, ಕಿಹಿನೇಹ್?” ಅಂತ ಎದ್ದು ಜಾಗ ಕೊಟ್ಟ. “ರಂಗಳು” ಅಂದೆ, ಚೆನ್ನಾಗಿದ್ದೇನೆ ಅಂತ. ನನಗೆ ದಿವೇಹಿ ಬರುತ್ತೆ ಅಂತ ಅವನಿಗೆ ಖುಷಿ. ಅಮ್ಮ ಹೇಗಿದ್ದಾರೆ, ಎಲ್ಲಿ ಕೆಲಸ, ಸಂಬಳ ಎಷ್ಟು, ಮದುವೆ ಯಾವಾಗ, ನಮ್ಮ ಕಡೆಯವರು ಕೇಳುವುದನ್ನೆಲ್ಲ ಕೇಳಿದೆ. ಹೇಳಬೇಕಾದ ಮಾತು ಅವರಲ್ಲಿ ‘ಮಾಫ್ ಕುರೇ’. ಮಾಫಿ ನಮ್ಮದೇ ಮಾತಿನ ಹಾಗಿದೆ, ಎಷ್ಟು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದೆ. ಸೇತುವೆ ದಾಟುವುದಕ್ಕೆ ಎಷ್ಟು ಹೊತ್ತು? ಅವನ ಸ್ಟಾಪು ಬಂತು, ಇಳಿದ. ಕಿಟಕಿಯಿಂದ ಕೈ ಬೀಸಿದೆ.

ಅವನಿಗೆ ಅದು ನೆನಪಿದೆಯೋ ಇಲ್ಲವೋ.

ಬರುವಾಗ ಗೆರೆ ಹಾಕಿದ ನೋಟ್‌ಬುಕ್ ಒಂದು ಡಜನ್ ತಾ, ನಿನಗಲ್ಲ, ತರಗತಿಗೆ. ಈಗ ಅಂಗಡಿಗಳು ಚೆನ್ನಾಗಿವೆ, ಬೇಕಾಗದೇ ಇರಬಹುದು, ಆದರೂ ಅಲಮಾರಿಯಲ್ಲಿರಲಿ. ಟಿಕೆಟ್ ಆದಮೇಲೆ ದಿನ ತಿಳಿಸು, ಏರ್‌ಪೋರ್ಟಿಗೆ ಬಂದು ದೋಣಿ ಹತ್ತಿಸಿ ಬರುತ್ತೇನೆ. ಕೃತ್ತಿಕಾ ಹಿಡಿಯುವ ಮುಂಚೆ ಬಂದರೆ ಕಡಲು ಸ್ವಲ್ಪ ಸುಮ್ಮನಿರುತ್ತದೆ. ಅಮ್ಮನಿಗೆ ಹೇಳಿ ನನಗೆ ನಾಲ್ಕು ಗಿಟುಕು ಕೊಬ್ಬರಿ ಕಳಿಸಲು ಹೇಳು. ಇಲ್ಲಿ ತಲೆಯ ಮೇಲೆ ಬೀಳುವಷ್ಟು ಕಾಯಿ ಇದೆ, ಆದರೆ ಕೊಬ್ಬರಿ ನಮ್ಮ ಅಟ್ಟದ್ದೇ ಆಗಬೇಕು.