ಮಾತ್ರೆಗೆಂದು ಕೊಟ್ಟ ಮೊಬೈಲ್ ಸಂಖ್ಯೆ: ಸಂಪಾದಕರ ಉತ್ತರ

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೆಡಿಕಲ್ ಶಾಪ್ ನಡೆಸುತ್ತಿರುವ ಓದುಗರೊಬ್ಬರು ಬರೆದ ಪತ್ರದ ಸಾರ ಇದು. ದೀಪಾವಳಿಗೆ ಮುನ್ನ ಅವರ ಮಗ ಬಿಲ್ಲಿನ ಕಂಪ್ಯೂಟರಿನಲ್ಲಿದ್ದ ಗಿರಾಕಿಗಳ ಸಂಖ್ಯೆಗಳನ್ನೆಲ್ಲ ಸೇರಿಸಿ ವಾಟ್ಸ್ಆ್ಯಪ್ ಗುಂಪೊಂದನ್ನು ಮಾಡಿ, ರಿಯಾಯಿತಿಯ ಪಟ್ಟಿ ಹಾಕಿದರು. ಹತ್ತು ವರ್ಷಗಳಿಂದ ಬರುತ್ತಿದ್ದ ಮಹಿಳೆಯೊಬ್ಬರು ಮರುದಿನ ಬಂದು, ‘ನನ್ನ ನಂಬರನ್ನು ಯಾರನ್ನು ಕೇಳಿ ಇನ್ನೂರು ಜನರ ಮುಂದಿಟ್ಟಿರಿ?’ ಎಂದು ಹೊಸ ಕಾನೂನಿನ ಮಾತೆತ್ತಿ ಹೋದರು. ‘ಮನೆಯವರಂತೆ ಕಂಡ ಗಿರಾಕಿ ಕಾನೂನು ಹೇಳುವುದೆ? ಖಾಸಗಿತನವೆಂಬುದು ಹೊರದೇಶದ ಗೀಳಲ್ಲವೆ? ಸಣ್ಣ ಅಂಗಡಿಗೂ, ನಮ್ಮ ಹಳೆಯ ಉದ್ರಿ ಪುಸ್ತಕಕ್ಕೂ ಈ ಕಾನೂನು ಅನ್ವಯಿಸುತ್ತದೆಯೆ?’ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇವೆ. 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಇರುವ ಮಾಹಿತಿಗೆ, ಹಾಗೂ ಕಾಗದದಿಂದ ಅಲ್ಲಿಗೆ ಏರಿಸಿದ ಮಾಹಿತಿಗೆ ಅನ್ವಯಿಸುತ್ತದೆ. ಆದುದರಿಂದ ತಮ್ಮ ಉದ್ರಿ ಪುಸ್ತಕವು ಪುಸ್ತಕವಾಗಿಯೇ ಇರುವಷ್ಟು ದಿನ ಅದರ ಹೊರಗೆ; ಮಗ ಅದರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ ದಿನ ಒಳಗೆ. ಕೆಲವು ವರ್ಗದ ಸಂಸ್ಥೆಗಳಿಗೆ ಕೆಲವು ಹೊಣೆಗಳಿಂದ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರಕಾರಕ್ಕಿದೆಯಾದರೂ, ಅಂಗಡಿ ಚಿಕ್ಕದೆಂಬ ಒಂದೇ ಕಾರಣಕ್ಕೆ ಯಾರೂ ತಾನಾಗಿ ಹೊರಗುಳಿಯುವುದಿಲ್ಲ. ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ವ್ಯಾಪಾರಿಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಿನಲ್ಲಿ ಜಾರಿಗೆ ಬರುತ್ತವೆ. ಹಾಗೆಂದು ಅಲ್ಲಿಯವರೆಗೆ ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ ಗ್ರಾಹಕರು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಮತ್ತೊಬ್ಬರಿಗೆ ಬಯಲು ಮಾಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಈಗಾಗಲೇ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ.

ತಮಗೆ ಸೋಜಿಗವೆನಿಸಬಹುದಾದ ಸಂಗತಿಯೊಂದಿದೆ. ಹೊಸ ಕಾಯ್ದೆಯ 7ನೆಯ ಕಲಮಿನ ಕೆಳಗೆ ಕೊಟ್ಟಿರುವ ದೃಷ್ಟಾಂತವೊಂದು ಔಷಧಿ ಅಂಗಡಿಯದ್ದೇ ಆಗಿದೆ. ಮಹಿಳೆಯೊಬ್ಬರು ಔಷಧಿ ಕೊಂಡು, ಹಣ ಸಂದಾಯವಾದುದಕ್ಕೆ ರಸೀದಿಯ ಸಂದೇಶ ಬರಲೆಂದು ತಾವಾಗಿ ಮೊಬೈಲ್ ಸಂಖ್ಯೆ ಕೊಡುತ್ತಾರೆ. ಅಂಗಡಿಯವರು ಆ ರಸೀದಿ ಕಳುಹಿಸಲು ಅದನ್ನು ಬಳಸಬಹುದು. ಯಾವ ಕೆಲಸಕ್ಕೆಂದು ಸಂಖ್ಯೆ ಕೈಗೆ ಬಂತೋ ಆ ಕೆಲಸದೊಂದಿಗೆ ಅದರ ಬಳಕೆಯೂ ಮುಗಿಯುತ್ತದೆ. ದೀಪಾವಳಿಯ ರಿಯಾಯಿತಿ ಬೇರೆಯೇ ಕೆಲಸ, ಅದಕ್ಕೆ ಬೇರೆಯಾಗಿಯೇ ಒಪ್ಪಿಗೆ ಕೇಳಬೇಕು. ಹೀಗೆ ಮಾಹಿತಿ ಇಟ್ಟುಕೊಂಡವರನ್ನು ಕಾಯ್ದೆ ‘ಡೇಟಾ ಫಿಡ್ಯೂಷರಿ’ ಎಂದು ಕರೆಯುತ್ತದೆ; ಪರರ ಸೊತ್ತನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು ಎಂದು ನಾವು ಅರ್ಥ ಮಾಡಿಕೊಳ್ಳಬಹುದು.

ಸೀರೆಯ ಅಂಗಡಿಯ ಪಟ್ಟಿಗೂ ಮೆಡಿಕಲ್ ಶಾಪಿನ ಪಟ್ಟಿಗೂ ಇರುವ ಅಂತರವನ್ನು ತಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಯಾರ ಮನೆಗೆ ಸಕ್ಕರೆ ಕಾಯಿಲೆಯ ಮಾತ್ರೆ ಹೋಗುತ್ತದೆ, ಯಾರು ನಿದ್ರೆಯ ಗುಳಿಗೆಯ ಚೀಟಿಯನ್ನು ಮಡಚಿ ತಗ್ಗಿದ ದನಿಯಲ್ಲಿ ಕೇಳುತ್ತಾರೆ ಎಂಬುದೆಲ್ಲ ಆ ಕಂಪ್ಯೂಟರಿನಲ್ಲಿ ಸಂಖ್ಯೆಯ ಪಕ್ಕದಲ್ಲೇ ಇದೆ. ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿ ಮಾರಿದಾಗ ರೋಗಿಯ ಹೆಸರನ್ನೂ ಚೀಟಿ ಬರೆದ ವೈದ್ಯರ ಹೆಸರು, ವಿಳಾಸವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬುದು ಔಷಧ ನಿಯಮಗಳ ಆಜ್ಞೆ, ಅದನ್ನು ಗಿರಾಕಿ ಅಳಿಸಿರೆಂದರೂ ಅಳಿಸುವಂತಿಲ್ಲ. ಆದರೆ ಕಾನೂನು ಇಟ್ಟುಕೋ ಎಂದದ್ದು ಬೇರೆ, ಅನುಕೂಲಕ್ಕೆಂದು ನಾವು ಇಟ್ಟುಕೊಂಡದ್ದು ಬೇರೆ.

ಪತ್ರಿಕೆಗಳಲ್ಲಿ ಬಂದ 250 ಕೋಟಿ ರೂಪಾಯಿಯ ದಂಡದ ಸುದ್ದಿ ಓದಿ ಮಗ ಹೆದರಿದ್ದಾನೆಂದು ಬರೆದಿದ್ದೀರಿ. ಅದು ಮಾಹಿತಿಯನ್ನು ಭದ್ರವಾಗಿಡದೆ ಸೋರಲು ಬಿಟ್ಟ ತಪ್ಪಿಗೆ ವಿಧಿಸಬಹುದಾದ ಗರಿಷ್ಠ ಮೊತ್ತ. ತಪ್ಪಿನ ಸ್ವರೂಪ, ಗಂಭೀರತೆ, ಅವಧಿಗಳನ್ನು ದತ್ತಾಂಶ ಸಂರಕ್ಷಣಾ ಮಂಡಳಿ ತೂಗಿ ನೋಡಬೇಕು. ನಮ್ಮ ಆಕ್ಷೇಪ ಬೇರೆಡೆಗಿದೆ. ವಸೂಲಾದ ದಂಡವೆಲ್ಲ ಭಾರತದ ಸಂಚಿತ ನಿಧಿಗೆ, ಅಂದರೆ ಸರಕಾರದ ಬೊಕ್ಕಸಕ್ಕೆ ಹೋಗುತ್ತದೆ. ಮಾಹಿತಿ ಸೋರಿ ತೊಂದರೆಗೊಳಗಾದ ವ್ಯಕ್ತಿಗೆ ಈ ಕಾಯ್ದೆಯಡಿ ಪರಿಹಾರವಾಗಿ ಬಿಡಿಗಾಸೂ ಇಲ್ಲ. ಅಷ್ಟೇ ಅಲ್ಲ, ಅಂಥ ಪರಿಹಾರಕ್ಕೆ ದಾರಿಯಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ಇದು ತೆಗೆದುಹಾಕುತ್ತದೆ. ಕಳವಾದ ಮನೆಯವನನ್ನು ಮರೆತು ಕಳ್ಳನಿಗೆ ದಂಡ ಹಾಕಿದಂತಾಯಿತು.

ಖಾಸಗಿತನ ಹೊರದೇಶದ ಗೀಳೆಂಬ ಮಾತನ್ನು ಮಾತ್ರ ಒಪ್ಪಲಾರೆವು. ಅದು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಮೊಕದ್ದಮೆಯು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಸಲ್ಲಿಸಿದ ಅರ್ಜಿಯಿಂದ ಅದು ಬೆಳೆಯಿತು.

ಇನ್ನು ಮನೆಯವರಂತೆ ಕಂಡ ಗಿರಾಕಿಯ ಮಾತು. ಮುಂಬಯಿ ಕನ್ನಡಿಗರ ನಡುವೆ ಪರಿಚಯವೇ ಪರವಾನಗಿ ಎಂಬ ರೂಢಿ ಬೇರೂರಿದೆ, ನಾವೂ ಅದರ ಹೊರಗಿನವರಲ್ಲ. ಕೆಲವು ವರ್ಷಗಳ ಹಿಂದೆ ಪರಿಚಯದ ಸಂಘದವರು ಆಮಂತ್ರಣ ಕಳುಹಿಸಲೆಂದು ಕೇಳಿದಾಗ, ನಮ್ಮವರೇ ಅಲ್ಲವೆ ಎಂದು ಚಂದಾದಾರರ ವಿಳಾಸಪಟ್ಟಿಯನ್ನು ಕೊಟ್ಟಿದ್ದೆವು. ಗಂಡನಿಂದ ಬೇರೆಯಾಗಿ, ಹೊಸ ವಿಳಾಸವನ್ನು ಯಾರಿಗೂ ತಿಳಿಸದೆ ಇದ್ದ ಚಂದಾದಾರರೊಬ್ಬರ ಮನೆ ಗಂಡನ ಕಡೆಯವರಿಗೆ ಗೊತ್ತಾದದ್ದು ಆ ಪಟ್ಟಿಯಿಂದ. ಆಕೆ ನಮಗೆ ಬರೆದದ್ದು ಒಂದೇ ಸಾಲು, ಚಂದಾ ನಿಲ್ಲಿಸಿ ಎಂದು.

ಆ ಗುಂಪನ್ನು ಇಂದೇ ಮುಚ್ಚಿಸಿ. ಬಿಲ್ಲು ಕೊಡುವಾಗ ‘ರಿಯಾಯಿತಿಯ ಸಂದೇಶ ಬೇಕೆ?’ ಎಂದು ಕೇಳಿ. ಬೇಕೆಂದವರಿಗೆ ಒಬ್ಬೊಬ್ಬರಿಗೇ ಕಳುಹಿಸಿ, ಬೇಡವೆನ್ನುವುದೂ ಒಪ್ಪಿದಷ್ಟೇ ಸುಲಭವಾಗಿರಲಿ. ಬೇಡವೆಂದವರಿಗೆ ಸಂಖ್ಯೆಯಿಲ್ಲದೆಯೂ ಬಿಲ್ಲು ಕೊಡಿ. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ 8ನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವನ್ನು ಕಾಯ್ದೆ ಕೊಟ್ಟಿರುವುದರಿಂದ, ಮರಾಠಿಯ ಜೊತೆಗೆ ಕನ್ನಡದ ಚೀಟಿಯೂ ತಮ್ಮ ಗಲ್ಲಾಪೆಟ್ಟಿಗೆಯ ಮೇಲಿರಲಿ. ಆ ಮಹಿಳೆಯ ಬಳಿ ಕ್ಷಮೆ ಕೇಳುವ ಕೆಲಸವನ್ನು ಮಗನಿಗೆ ಬಿಡದೆ ತಾವೇ ಮಾಡುವುದು ಒಳ್ಳೆಯದು.

ತಮ್ಮ ಪತ್ರದಲ್ಲಿ ಹೆಸರು, ಅಂಗಡಿಯ ವಿಳಾಸ, ಮೊಬೈಲ್ ಸಂಖ್ಯೆ ಎಲ್ಲವೂ ಇದ್ದವು. ಅವನ್ನು ಅಚ್ಚು ಮಾಡಬಹುದೆಂದು ತಾವು ಬರೆದಿರಲಿಲ್ಲವಾದ್ದರಿಂದ ಡೊಂಬಿವಲಿಯೊಂದನ್ನೇ ಉಳಿಸಿಕೊಂಡಿದ್ದೇವೆ.

— ಸಂಪಾದಕ