ಹಗ್ಗ ಬಿಟ್ಟ ಮೇಲೆ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಗ್ಲೈಡರ್‌ಗಳಿಗೆ ಮೂರು ಪುಟ ಕೊಟ್ಟು, ಶೀರ್ಷಿಕೆಯಲ್ಲಿ ‘ಸಾಹಸ’ ಎಂದಿದ್ದೀರಿ. ಇಂಜಿನ್ನೇ ಇಲ್ಲದ ಡಬ್ಬಿಯಲ್ಲಿ ಸೈನಿಕರನ್ನು ತುಂಬಿ ಕತ್ತಲಲ್ಲಿ ಬಿಡುವುದು ಸಾಹಸವಲ್ಲ, ಹುಂಬತನ. ಅವರನ್ನು ಕೊಂದದ್ದು ಶತ್ರುವಲ್ಲ, ಆ ಡಬ್ಬಿ.
– ನಿವೃತ್ತ ಮೇಷ್ಟ್ರು, ಹಾಸನ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಲೆಕ್ಕ ಹಾಕಿದರೆ ನಿಮ್ಮ ಮಾತಿಗೆ ಆಧಾರವೂ ಇದೆ. 1943ರ ಜುಲೈ 9ರ ರಾತ್ರಿ ಬ್ರಿಟಿಷ್ ಸೈನಿಕರನ್ನು ಹೊತ್ತು ಇಟಲಿಯ ಸಿಸಿಲಿ ದ್ವೀಪಕ್ಕೆ ಹೊರಟ ಸುಮಾರು 145 ಗ್ಲೈಡರ್‌ಗಳಲ್ಲಿ 65ಕ್ಕೂ ಹೆಚ್ಚು ಸಮುದ್ರಕ್ಕೆ ಬಿದ್ದವು. ಸುಮಾರು 250 ಜನ ಮುಳುಗಿ ಸತ್ತರು. ಒಪ್ಪಿದೆ.

ಆದರೆ ಅವರನ್ನು ಕೊಂದದ್ದು ಡಬ್ಬಿಯೇ? ಗ್ಲೈಡರ್ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಇಂಜಿನ್ ಇರುವ ವಿಮಾನ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತದೆ. ಆ ರಾತ್ರಿ ಗಾಳಿ ಜೋರಾಗಿತ್ತು. ಕೆಳಗಿನಿಂದ ಗುಂಡು ಬರುತ್ತಿತ್ತು. ಎಳೆಯುತ್ತಿದ್ದ ಪೈಲಟ್‌ಗಳಿಗೆ ಇಂಥ ರಾತ್ರಿಯ ಅನುಭವ ಸಾಲದಾಗಿತ್ತು. ಎಷ್ಟೋ ಗ್ಲೈಡರ್‌ಗಳ ಹಗ್ಗ ದಡ ಇನ್ನೂ ದೂರ ಇರುವಾಗಲೇ ಬಿಟ್ಟುಹೋಯಿತು. ಎಳೆದ ವಿಮಾನಗಳು ತಿರುಗಿ ಆಫ್ರಿಕಾಕ್ಕೆ ಹೋದವು. ಇವರಿಗೆ ಇಳಿಯಲು ನೀರು ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಅಷ್ಟಾದರೂ, ಹೇಗೋ ನೆಲ ಮುಟ್ಟಿದವರಲ್ಲಿ ನೂರು ಜನಕ್ಕೂ ಕಡಿಮೆ ಸೇರಿಕೊಂಡು ಸಿರಾಕ್ಯೂಸ್ ಹತ್ತಿರದ ಪೋಂತೆ ಗ್ರಾಂದೆ ಸೇತುವೆ ಹಿಡಿದರು. ಅದನ್ನು ಉಡಾಯಿಸಲು ಇಟ್ಟಿದ್ದ ಸ್ಫೋಟಕ ಕಿತ್ತು ಹಾಕಿ, ಮರುದಿನ ಮಧ್ಯಾಹ್ನದವರೆಗೂ ಕಾದಾಡಿದರು. ಇದಕ್ಕೂ ಹುಂಬತನ ಅನ್ನಬೇಕಾ?

ಗ್ಲೈಡರ್ ಪೈಲಟ್‌ಗೆ ಸಿಗುವುದು ಒಂದೇ ಅವಕಾಶ. ಜಾಗ ಸರಿಯಿಲ್ಲ, ಇನ್ನೊಂದು ಸುತ್ತು ಹಾಕಿ ಬರೋಣ ಅನ್ನುವ ಹಾಗಿಲ್ಲ. 1944ರ ಜೂನ್ 6ರ ನಡುರಾತ್ರಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಬ್ರಿಟಿಷ್ ಪೈಲಟ್ ಜಿಮ್ ವಾಲ್‌ವರ್ಕ್ ತಮ್ಮ ಹೋರ್ಸಾ ಗ್ಲೈಡರನ್ನು ಹಿಡಿಯಬೇಕಿದ್ದ ಸೇತುವೆಯಿಂದ 50 ಮೀಟರ್‌ಗೂ ಹತ್ತಿರಕ್ಕೆ ತಂದು ನಿಲ್ಲಿಸಿದರು. ಆ ರಭಸಕ್ಕೆ ಮುಂದಿನ ಗಾಜು ಒಡೆದು ಹೊರಗೆ ಬಿದ್ದರು. ಆ ಮರದ ಹೋರ್ಸಾ ಮಾಡಿದವರಲ್ಲಿ ಅಲ್ಲಿಯವರೆಗೆ ಮನೆಮನೆಗೆ ಬೀರು, ಮಂಚ ಮಾಡಿಕೊಡುತ್ತಿದ್ದ ಬಡಗಿಗಳಿದ್ದರು. ಬಡಗಿಯ ಕೈಕೆಲಸವನ್ನು ನೀವು ಡಬ್ಬಿ ಅಂದದ್ದು ನನಗೆ ನಿಜಕ್ಕೂ ಬೇಸರವಾಯಿತು.

ಇನ್ನು ಬರ್ಮಾ. ಈ ಕಥೆ ನಮ್ಮ ಪಕ್ಕದ್ದೇ. 1944ರ ಮಾರ್ಚ್ 5ರ ಸಂಜೆ ಅಸ್ಸಾಮಿನ ಲಾಲಾಘಾಟ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಂಗೇಟ್ ಅವರ ‘ಚಿಂಡಿಟ್’ ಎಂಬ ಪಡೆ ಬರ್ಮಾದಲ್ಲಿದ್ದ ಜಪಾನಿ ಸೇನೆಯ ಬೆನ್ನ ಹಿಂದೆ ಇಳಿಯಲು ಸಿದ್ಧವಾಗಿತ್ತು. ಹೊರಡುವ ಸ್ವಲ್ಪ ಮುಂಚೆ ವಿಮಾನದಿಂದ ತೆಗೆದ ಫೋಟೋ ಬಂತು. ಇಳಿಯಬೇಕಾದ ಎರಡು ಬಯಲುಗಳಲ್ಲಿ ಒಂದರ ತುಂಬ ಮರದ ದಿಮ್ಮಿ! ಎಲ್ಲರನ್ನೂ ‘ಬ್ರಾಡ್‌ವೇ’ ಎಂದು ಹೆಸರಿಟ್ಟಿದ್ದ ಇನ್ನೊಂದು ಬಯಲಿಗೆ ತಿರುಗಿಸಿದರು. ಒಂದೊಂದು ಡಕೋಟಾ ವಿಮಾನಕ್ಕೆ ಎರಡೆರಡು ಗ್ಲೈಡರ್ ಕಟ್ಟಿದ್ದರು. ಹೊರೆ ಜಾಸ್ತಿ, ದಾರಿಯಲ್ಲಿ ಬೆಟ್ಟ. ಹಲವು ಹಗ್ಗಗಳು ಕಿತ್ತುಹೋದವು. ಹೊರಟ 60ಕ್ಕೂ ಹೆಚ್ಚು ಗ್ಲೈಡರ್‌ಗಳಲ್ಲಿ ಬ್ರಾಡ್‌ವೇ ಸೇರಿದ್ದು ಸುಮಾರು ಅರ್ಧ.

ಅಲ್ಲಿ ಹುಲ್ಲಿನಡಿ ಏನಿತ್ತು ಗೊತ್ತಾ? ತೇಗದ ದಿಮ್ಮಿ ಎಳೆದೂ ಎಳೆದೂ ಆದ ಆಳವಾದ ಜಾಡು. ಫೋಟೋದಲ್ಲಿ ಅದು ಕಾಣಿಸಿರಲಿಲ್ಲ. ಮೊದಲು ಬಂದ ಗ್ಲೈಡರ್‌ಗಳ ಚಕ್ರ ಅದಕ್ಕೆ ಸಿಕ್ಕಿ ಮುರಿದವು. ಅವನ್ನು ಸರಿಸುವಷ್ಟರಲ್ಲಿ ಹಿಂದಿನವು ಬಂದು ಬಡಿದವು. ಸುಮಾರು 30 ಜನ ಸತ್ತರು. ಆದರೂ ಉಳಿದವರು ಗ್ಲೈಡರ್‌ನಲ್ಲೇ ತಂದಿದ್ದ ಬುಲ್ಡೋಜರ್‌ನಿಂದ ನೆಲ ಹದ ಮಾಡಿದರು. ಮರುದಿನ ಸಂಜೆಗೆ ಡಕೋಟಾಗಳು ಬಂದಿಳಿದವು. ಒಂದು ವಾರದಲ್ಲಿ ಸುಮಾರು 9,000 ಸೈನಿಕರು, ಸಾವಿರಕ್ಕೂ ಹೆಚ್ಚು ಹೇಸರಗತ್ತೆಗಳು ಶತ್ರುವಿನ ಬೆನ್ನಿಗೆ ಬಂದಾಗಿತ್ತು. ಚಿಕ್ಕಂದಿನಲ್ಲಿ ಚಾಪ್ಲಿನ್ ಜೊತೆ ನಟಿಸಿದ್ದ ಜಾಕಿ ಕೂಗನ್ ಕೂಡ ಅಲ್ಲಿ ಗ್ಲೈಡರ್ ಇಳಿಸಿದವರಲ್ಲಿ ಒಬ್ಬರು.

ಒಂದು ವಿಮಾನಕ್ಕೆ ಎರಡೆರಡು ಹೊರೆ ಕಟ್ಟುವ ತೀರ್ಮಾನ ಮಾಡಿದ್ದು ಡಬ್ಬಿ ಅಲ್ಲವಲ್ಲ, ಮೇಷ್ಟ್ರೇ. 1943ರ ಆಗಸ್ಟ್ 1ರಂದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜನರೆದುರೇ ಗ್ಲೈಡರ್‌ನ ರೆಕ್ಕೆ ಕಳಚಿ ಮೇಯರ್ ಸೇರಿ 10 ಜನ ಸತ್ತರು. ರೆಕ್ಕೆಯ ಆಸರೆಯ ಒಂದು ಲೋಹದ ಬಿಡಿಭಾಗ ಇರಬೇಕಾದ್ದಕ್ಕಿಂತ ತೆಳ್ಳಗಿತ್ತು. ಯಾರೋ ಹಾಗೆ ಮಾಡಿದ್ದರು, ಇನ್ಯಾರೋ ಸರಿ ಇದೆ ಎಂದು ಪಾಸ್ ಮಾಡಿದ್ದರು. ಅಮೆರಿಕದಲ್ಲಿ ಪ್ಯಾರಾಚೂಟ್ ಸೈನಿಕರಿಗೆ ಅಪಾಯದ ಭತ್ಯೆ ಇತ್ತು. ಗ್ಲೈಡರ್‌ನಲ್ಲಿ ಹೋಗುವ ಸೈನಿಕರಿಗೆ 1944ರ ಜುಲೈವರೆಗೆ ಅದೂ ಇರಲಿಲ್ಲ.

ನನಗೆ ಇದು ಯಾಕೆ ಇಷ್ಟು ನಾಟುತ್ತದೆ ಎಂದರೆ, ನಮ್ಮ ಚಿಕ್ಕಪ್ಪ ಬಸ್ ಡ್ರೈವರ್ ಆಗಿದ್ದರು. ಬ್ರೇಕ್ ಸರಿಯಿಲ್ಲ ಎಂದು ಮೂರು ಸಲ ಬರೆದುಕೊಟ್ಟಿದ್ದರು. ಅದೇ ಬಸ್ಸನ್ನು ಮತ್ತೆ ಘಾಟಿಗೆ ಕಳಿಸಿದರು. ಬಸ್ ಚರಂಡಿಗೆ ಇಳಿಯಿತು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ, ಆದರೆ ಸಸ್ಪೆಂಡ್ ಆದದ್ದು ಚಿಕ್ಕಪ್ಪ. ಮರುದಿನದ ಸುದ್ದಿಯಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂದಿತ್ತು. ಪತ್ರಿಕೆಯವರು ಈಗಲೂ ಆ ಎರಡು ಪದಗಳನ್ನು ಸುಮ್ನೆ ಬರೆದುಬಿಡುತ್ತೇವೆ. ಸೇತುವೆ ಬಿದ್ದರೆ ಮೇಸ್ತ್ರಿ, ರೈಲು ಹಳಿ ತಪ್ಪಿದರೆ ಗ್ಯಾಂಗ್‌ಮನ್. ಸಿಮೆಂಟಿಗೆ ಸಹಿ ಹಾಕಿದವರ ಹೆಸರು ಎಷ್ಟು ಸಲ ಓದಿದ್ದೀರಿ ಹೇಳಿ? ನೀವು ಮೂವತ್ತು ವರ್ಷ ಪಾಠ ಮಾಡಿದವರು. ಫಲಿತಾಂಶ ಕಡಿಮೆ ಬಂದಾಗ ಕಟಕಟೆಗೆ ನಿಂತವರು ಯಾರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ ಅಲ್ವಾ?

ಹುಂಬತನ ಎನ್ನುವ ಮಾತು ಬೇಕೇ ಬೇಕು ಎಂದರೆ, ಆಜ್ಞೆ ಕೊಟ್ಟವರಿಗೆ, ಒಂದು ವಿಮಾನಕ್ಕೆ ಎರಡು ಹೊರೆ ಕಟ್ಟಿದವರಿಗೆ ಬರೆಯೋಣ. ಆ ಲೇಖನ ನೀವೇ ಬರೆದುಕೊಡಿ, ಮುಂದಿನ ತಿಂಗಳು ಅದಕ್ಕೂ ಮೂರು ಪುಟ ಕೊಡುತ್ತೇನೆ. ಒಳಗೆ ಕೂತು ಹೋದವರ ಪುಟದ ಮೇಲೆ ‘ಸಾಹಸ’ ಹಾಗೇ ಇರಲಿ.